ನಿಂತ ಮರಿ, ಬಿದ್ದ ಮರಿ

ಯಾರ ಕಾರಿನಲ್ಲಿ ಕುಳಿತರೂ ನಾನು ಮೊದಲು ಗಾಜು ಇಳಿಸುತ್ತೇನೆ. ಹೊರಗೆ ಮಳೆಯಿರಲಿ, ಧೂಳಿರಲಿ, ಒಳಗೆ ಎ.ಸಿ. ಹಾಕಿರಲಿ, ಹೊರಗಿನ ಗಾಳಿ ಮೂಗಿಗೆ ತಾಗಿದ ಮೇಲೆಯೇ ಬೆನ್ನು ಸೀಟಿಗೆ ಒರಗುವುದು. ಮದುವೆಯಾದ ಹೊಸದರಲ್ಲಿ ನಮ್ಮತ್ತೆ ಇದನ್ನು ನೋಡಿ, "ವಾಂತಿ ಬಂದ ಹಾಗಾಗ್ತದಾ ಮಾರಾಯ್ತಿ?" ಎಂದು ಬೇರೆಯೇ ಆಸೆಯಿಂದ ಕೇಳಿದ್ದರು. ಅಂಥದ್ದೇನೂ ಇಲ್ಲವೆಂದು ತಿಳಿದು ಬೇಸರಪಟ್ಟುಕೊಂಡರು. ನಿಜವಾದ ಕಾರಣ ಹೇಳಲು ಹೊರಟರೆ ಕಥೆಯನ್ನು ಹಂದಿಯಿಂದ ಶುರುಮಾಡಬೇಕು. ಹೊಸ ಸೊಸೆ ಹಂದಿಯ ಮಿದುಳಿನ ಮಾತು ತೆಗೆಯುವುದು ಬೇಡವೆಂದು ಸುಮ್ಮನಾದೆ.

ಹೋದ ತಿಂಗಳು ಶೇಖರಣ್ಣ ಫೋನು ಮಾಡಿದ. ಬಸರೀಕಟ್ಟೆಯಲ್ಲಿ ಬಾಡಿಗೆ ಜೀಪು ಓಡಿಸುತ್ತಿದ್ದವನು, ಈಗ ಮೊಮ್ಮಕ್ಕಳನ್ನು ಶಾಲೆಗೆ ಬಿಡುವ ಕೆಲಸ. "ತಂಗೀ, ನಮ್ಮ ಹಂದಿ ಮೇಡಂ ರಿಟೈರ್ ಆಗಿ ಶೃಂಗೇರಿ ಮನೆಗೇ ಬಂದಿದ್ದಾರೆ. ಗಟ್ಟಿಯಾಗೇ ಇದ್ದಾರೆ ಮಾರಾಯ್ತಿ. ನನ್ನನ್ನ ಕಂಡದ್ದೇ, ಜೀಪಿನ ಪರದೆ ಎಲ್ಲಿಟ್ಟಿದ್ದೀಯಾ ಅಂತ ಕೇಳಿದ್ರು" ಎಂದು ನಕ್ಕ. ನಾನೂ ನಕ್ಕೆ. ಫೋನು ಇಟ್ಟ ಮೇಲೆ ನೋಡಿಕೊಂಡರೆ, ಯಾವಾಗ ಎದ್ದು ಹೋದೆನೋ, ಅಡಿಗೆಮನೆಯ ಕಿಟಕಿಯ ಎರಡೂ ಬಾಗಿಲು ತೆಗೆದು ಅದರ ಮುಂದೆ ನಿಂತಿದ್ದೆ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅವರಿಗೆ ಇಷ್ಟವಾಗುವುದಿಲ್ಲ. ಊರಿನವರಿಗೂ ಆ ಹೆಸರು ಗೊತ್ತಿರಲಿಲ್ಲ. ಕೊಪ್ಪದಿಂದ ಮೇಗುಂದದವರೆಗೆ ಯಾರನ್ನು ಕೇಳಿದರೂ ಹಂದಿ ಮೇಡಂ ಅಷ್ಟೆ. ಹೊಸದಾಗಿ ಸೇರಿದ್ದ ನನಗೆ ಅದನ್ನು ಕೇಳಿ ಕಸಿವಿಸಿಯಾಗಿತ್ತು. ಅವರಿಗೇನೂ ಆಗಿರಲಿಲ್ಲ. "ನಮ್ಮಪ್ಪಯ್ಯ ಶೃಂಗೇರೀಲಿ ಪುರೋಹಿತ್ರು ಕೂಸೇ. ನಾನು ಹಂದಿ ಕೆಲ್ಸಕ್ಕೆ ಹೊರಟಾಗ ಅಗ್ರಹಾರದವ್ರೆಲ್ಲ ಬಂದು ಕೇಳಿದ್ರು, ಇದೆಂತ ನಿಮ್ಮ ಮಗಳದ್ದು ಅಂತ. ಅಪ್ಪಯ್ಯ ಎಲೆ ಅಡಿಕೆ ಹಾಕ್ತಾ, ಭೂಮಿ ಮುಳುಗಿದಾಗ ಎತ್ತಲಿಕ್ಕೆ ನವಿಲು ಬಂತಾ ಅಂದ್ರು. ಮತ್ತೆ ಯಾರೂ ಮಾತಾಡ್ಲಿಲ್ಲ. ಆದ್ರೆ ಅಮ್ಮ ಮಾತ್ರ ಇವತ್ತಿಗೂ ಬಚ್ಚಲಿಗೆ ಹೋಗದೆ ಒಳಗೆ ಬಿಡ್ತಿಲ್ಲೆ" ಎಂದಿದ್ದರು.

ಎರಡು ಸಾವಿರದ ಇಸವಿಯ ನಂತರದ ವರ್ಷಗಳು. ಮೊಬೈಲು ಕೊಪ್ಪದ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿ ಮೊದಲ ತಿರುವಿನಲ್ಲೇ ತಪ್ಪಿಹೋಗುತ್ತಿದ್ದ ಕಾಲ. ನಾನು ಪ್ರಾಣಿಶಾಸ್ತ್ರದಲ್ಲಿ ಬಿ.ಎಸ್ಸಿ. ಮುಗಿಸಿ ನರಸಿಂಹರಾಜಪುರದ ಮನೆಯಲ್ಲಿ ಕೂತಿದ್ದೆ. ದೂರದ ಪಶುವೈದ್ಯ ಕಾಲೇಜಿನ ವಿಜ್ಞಾನಿಯೊಬ್ಬರು ಕೊಪ್ಪದಲ್ಲಿ ಬಾಡಿಗೆ ಕೋಣೆ ಹಿಡಿದಿದ್ದಾರೆ, ಸಹಾಯಕ್ಕೆ ಓದಿದ ಹುಡುಗಿ ಬೇಕಂತೆ ಎಂದು ತಿಳಿದು ಹೋದೆ. ಕುಳ್ಳಗಿನ ಹೆಂಗಸು, ಚೂಡಿದಾರದ ಕೆಳಗೆ ಮೊಣಕಾಲಿನವರೆಗೆ ಬರುವ ರಬ್ಬರು ಬೂಟು, ತುರುಬಿಗೆ ಸಿಕ್ಕಿಸಿದ ಪೆನ್ಸಿಲು. ನನ್ನ ಅಂಕಪಟ್ಟಿಯನ್ನು ತೆರೆದೂ ನೋಡಲಿಲ್ಲ.

"ಹಂದಿ ಕಂಡ್ರೆ ಹೇಸಿಗೆಯಾ?"

"ಇಲ್ಲ ಮೇಡಂ."

"ಸುಳ್ಳು. ಪರವಾಗಿಲ್ಲೆ, ನಂಗೂ ಇತ್ತು. ನಾಳೆ ಬೆಳಿಗ್ಗೆ ಬಾ."

ನಮ್ಮಮ್ಮ ಒಂದು ವಾರ ನನ್ನೊಡನೆ ಮಾತು ಬಿಟ್ಟಳು. ಬಿಡುವ ಮೊದಲು, "ಬಿಯೆಸ್ಸಿ ಓದ್ಸಿದ್ದು ಹಂದಿ ತಲೆ ಹೊರೋಕಾ?" ಎಂದು ಕೇಳಿದ್ದಳು. ಅಕ್ಷರಶಃ ಅದೇ ಕೆಲಸವಾಗಿತ್ತು.

ಮೇಡಂ ಹುಡುಕುತ್ತಿದ್ದದ್ದು ಮಿದುಳು ಜ್ವರದ ವೈರಸ್ಸನ್ನು. ಗದ್ದೆಯ ನೀರಿನ ಸೊಳ್ಳೆ ಹಂದಿಯನ್ನು ಕಚ್ಚುತ್ತದೆ, ಹಂದಿಯ ರಕ್ತದಲ್ಲಿ ವೈರಸ್ಸು ಬೆಳೆಯುತ್ತದೆ, ಅದೇ ಸೊಳ್ಳೆ ಮನೆಯ ಮಗುವನ್ನೂ ಕಚ್ಚುತ್ತದೆ. ಇಷ್ಟು ಕಾಲೇಜಿನ ಪುಸ್ತಕದಲ್ಲಿಯೇ ಇತ್ತು. ಅವರ ಪ್ರಶ್ನೆ ಅದರಾಚೆಯದು. ಬೆಳೆದ ಹಂದಿ ಸಾಮಾನ್ಯವಾಗಿ ಎರಡು ದಿನ ಮಂಕಾಗಿದ್ದು ಎದ್ದು ಹೋಗುತ್ತದೆ. ಮರಿಗಳಲ್ಲಿ ಕೆಲವು ನಡುಗಿ ಬೀಳುತ್ತವೆ, ಕೆಲವು ಬೀಳುವುದಿಲ್ಲ. ಬೀಳದ ಹಂದಿಯ ಮಿದುಳಿನಲ್ಲಿ ಏನು ನಡೆಯುತ್ತದೆ?

ಇದನ್ನು ಅವರು ಗದ್ದೆಯ ಬದುವಿನ ಮೇಲೆ ಕೂತು, ಡಬ್ಬಿಯ ಅವಲಕ್ಕಿ ತಿನ್ನುತ್ತ ನನಗೆ ವಿವರಿಸಿದ್ದರು. "ಜೀನ್ ಅಂದ್ರೆ ಒಂದು ದೊಡ್ಡ ಮನೆಯ ಜನ ಅಂದ್ಕೋ. ಎಲ್ಲರೂ ಮನೇಲೇ ಇರ್ತಾರೆ, ಆದ್ರೆ ಎಲ್ಲರೂ ಒಟ್ಟಿಗೆ ಮಾತಾಡೋದಿಲ್ಲ. ಹಟ್ಟಿಗೆ ಹುಲಿ ಬಂತು ಅನ್ನು. ಒಬ್ಬ ದೀಪ ಹಚ್ತಾನೆ, ಒಬ್ಬ ಕೂಗ್ತಾನೆ, ಒಬ್ಬಳು ಮಕ್ಕಳನ್ನ ಒಳಗೆ ಎಳ್ಕೊಳ್ತಾಳೆ. ದಿನಾ ಹಾಡು ಹೇಳೋಳು ಬಾಯಿ ಮುಚ್ತಾಳೆ. ವೈರಸ್ಸು ಹೊಕ್ಕಾಗ ಮಿದುಳಿನ ಒಳಗೂ ಹೀಗೇ. ಯಾವ ಜೀನ್ ಎದ್ದು ಕೂಗ್ತು, ಯಾವುದು ಬಾಯಿ ಮುಚ್ತು, ಅದನ್ನ ಕೇಳಿಸ್ಕೊಳ್ಳೋದು ನಮ್ಮ ಕೆಲಸ."

"ಸತ್ತ ಮೇಲೆ ಹೇಗೆ ಕೇಳಿಸ್ಕೊಳ್ಳೋದು ಮೇಡಂ?"

"ಕೂಗು ಸ್ವಲ್ಪ ಹೊತ್ತು ಗಾಳೀಲಿ ಇರ್ತದೆ ಕೂಸೇ. ಅದಕ್ಕೆ ಆರ್‌ಎನ್‌ಎ ಅಂತ ಹೆಸ್ರು. ಬೇಗ ಕರಗ್ತದೆ. ಕರಗೋದ್ರೊಳಗೆ ಹೆಪ್ಪುಗಟ್ಟಿಸಿಬಿಡ್ಬೇಕು."

ಹೆಪ್ಪುಗಟ್ಟಿಸಲು ದ್ರವರೂಪದ ನೈಟ್ರೋಜನ್ ಬೇಕು. ಹೋರಿಯ ವೀರ್ಯದ ಕಡ್ಡಿಗಳನ್ನು ಕೆಡದಂತೆ ಇಡಲು ಪಶು ಆಸ್ಪತ್ರೆಗಳಲ್ಲಿ ಬಳಸುತ್ತಾರಲ್ಲ, ಅದೇ. ಹೊಟ್ಟೆ ದಪ್ಪ, ಕುತ್ತಿಗೆ ಸಣ್ಣ ಇರುವ ಅಲ್ಯೂಮಿನಿಯಂ ಕ್ಯಾನಿನಲ್ಲಿ ಅದನ್ನು ತುಂಬಿಕೊಂಡು ನಾವು ಜೀಪಿನಲ್ಲಿ ತಿರುಗುತ್ತಿದ್ದೆವು. ಅದರ ಬಾಯನ್ನು ಗಟ್ಟಿಯಾಗಿ ಮುಚ್ಚುವಂತಿಲ್ಲ, ಆವಿ ಹೊರಗೆ ಹೋಗಲೇಬೇಕು. ಜೀಪಿನ ಬದಿಗಳ ಟಾರ್ಪಾಲಿನ ಪರದೆಯೂ ಮೇಲೆ ಸುತ್ತಿಯೇ ಇರಬೇಕು. ಈ ಎರಡು ನಿಯಮಗಳನ್ನು ಮೊದಲ ದಿನವೇ ಹೇಳಿದ್ದರು.

ಮೂರನೆಯ ನಿಯಮವನ್ನು ಬಾಯಿಬಿಟ್ಟು ಹೇಳಿರಲಿಲ್ಲ. ದಾರಿಯಲ್ಲಿ ಯಾರೇ ಕೈ ಎತ್ತಲಿ, ಜೀಪು ನಿಲ್ಲಬೇಕು.

ನಮ್ಮ ಕಡೆ ಬಸ್ಸು ಕಮ್ಮಿ. ಖಾಲಿ ಜೀಪು ಕಂಡರೆ ಕೈ ಎತ್ತುವುದು ವಾಡಿಕೆ, ಸೀಟಿದ್ದರೆ ನಿಲ್ಲಿಸುವುದೂ ವಾಡಿಕೆ. ಮೇಡಂ ಸೀಟಿಲ್ಲದಿದ್ದರೂ ನಿಲ್ಲಿಸುತ್ತಿದ್ದರು. ಹುಲ್ಲಿನ ಹೊರೆ, ಕೋಳಿ, ಪಡಿತರದ ಸೀಮೆಎಣ್ಣೆ, ಒಮ್ಮೆ ಬ್ಯಾಂಡಿನ ಡೊಳ್ಳು, ಎಲ್ಲವೂ ನನ್ನ ಕಾಲಬುಡಕ್ಕೆ ಬರುತ್ತಿದ್ದವು. ಶೇಖರಣ್ಣನಿಗೆ ಮೈ ಉರಿಯುತ್ತಿತ್ತು. "ಇದು ಬಾಡಿಗೆ ಜೀಪಾ, ಛತ್ರವಾ ಮೇಡಂ? ಹೀಗೆ ನಿಲ್ಸಿದ್ರೆ ಹಂದಿ ಮುದಿಯಾಗಿ ತಾನಾಗೇ ಸಾಯ್ತದೆ ಅಷ್ಟೆ."

"ಶೇಖರ, ನಾಳೆ ನಾವು ಹೋಗಿ ಬಾಗಿಲು ತಟ್ಟೋದು ಇವರ ಮನೇದೇ ಅಲ್ದಾ? ದಾರೀಲಿ ಬಿಟ್ಟು ಹೋದವ್ರಿಗೆ ಬಾಗಿಲು ಯಾರು ತೆಗೀತಾರೆ?"

ಇದರೊಳಗೆ ಇನ್ನೊಂದು ಉಪಾಯವಿತ್ತೆಂಬುದು ನನಗೆ ನಿಧಾನವಾಗಿ ತಿಳಿಯಿತು. ಹತ್ತಿದವರು ಇಳಿಯುವವರೆಗೆ ಮಾತಾಡುತ್ತಾರೆ. ಯಾರ ಮನೆಯ ಹಂದಿ ಮೇವು ಬಿಟ್ಟಿದೆ, ಯಾರದ್ದು ದಿನ ತುಂಬುವ ಮೊದಲೇ ಕಂದು ಹಾಕಿತು, ಹಂದಿ ಕೂಡಿಹಾಕುವ ಯಾವ ಒಡ್ಡಿಯಲ್ಲಿ ಮರಿಗಳು ನಡುಗುತ್ತಿವೆ, ಎಲ್ಲ ಸುದ್ದಿಯೂ ಆ ಜೀಪಿನ ಹಿಂದಿನ ಸೀಟಿನಲ್ಲಿಯೇ ಸಿಗುತ್ತಿತ್ತು. ಯಾವ ಕಚೇರಿಯೂ ಅವರಿಗೆ ಅಷ್ಟು ಸುದ್ದಿ ಕೊಡಲಿಲ್ಲ.

ಮೇಗುಂದದ ಹತ್ತಿರದ ಗೌಡರ ಮನೆಯ ವಿಷಯ ತಿಳಿದದ್ದೂ ಹಾಗೆಯೇ. ಕುಕ್ಕೆಯಲ್ಲಿ ಬಾಳೆಕಾಯಿ ಇಟ್ಟುಕೊಂಡು ಹತ್ತಿದ್ದ ಒಬ್ಬಾತ, "ಲಲಿತಕ್ಕನ ಮನೆ ಹಂದಿಮರಿ ಕುಡಿದವ್ನ ಹಾಗೆ ವಾಲಾಡ್ತಾ ಇದೆ" ಎಂದ. ಮೇಡಂ ಅವನನ್ನು ಅವನ ಮನೆಯವರೆಗೂ ಬಿಟ್ಟು, ಜೀಪು ತಿರುಗಿಸಲು ಹೇಳಿದರು.

ಲಲಿತಕ್ಕ ಆ ಮನೆಯ ಗೌಡ್ತಿ. ಹಬ್ಬಕ್ಕೆಂದು ಹಂದಿ ಸಾಕುವ ಮನೆ. ಒಡ್ಡಿಯಲ್ಲಿ ಒಂದೇ ಸೂಲಿನ ಮರಿಗಳಿದ್ದವು. ಅವುಗಳಲ್ಲಿ ಒಂದು ನಡುಗುತ್ತ ಗೋಡೆಗೆ ತಲೆಯೊತ್ತಿ ನಿಂತಿತ್ತು. ಮೇಡಂ ಒಳಗಿಳಿದು, ಮಗುವಿಗೆ ಜ್ವರ ನೋಡುವ ಹಾಗೆ ಕೈಯ ಹಿಂಬದಿಯನ್ನು ಅದರ ಹಣೆಗಿಟ್ಟರು. ಎಲ್ಲ ಹಂದಿಗೂ ಅವರು ಹೀಗೆಯೇ ಮಾಡುತ್ತಿದ್ದರು. ಥರ್ಮಾಮೀಟರು ಇದ್ದದ್ದು ಬೇರೆ ಕಡೆಗೆ. ಎಲ್ಲ ಮರಿಗಳ ರಕ್ತ ತೆಗೆದು ಕಳಿಸಿದೆವು. ನಡುಗುತ್ತಿದ್ದ ಮರಿಯ ರಕ್ತದಲ್ಲಿ ವೈರಸ್ಸು ಇತ್ತು. ಅದರ ಜೊತೆ ಹುಟ್ಟಿದ, ಕಿವಿಯ ಮೇಲೆ ಬಿಳಿ ಮಚ್ಚೆಯ ಇನ್ನೊಂದು ಮರಿಯ ರಕ್ತದಲ್ಲೂ ಇತ್ತು. ಅದು ಮಾತ್ರ ತೊಟ್ಟಿಗೆ ಬಾಯಿ ಹಾಕಿ ಗುರುಗುಟ್ಟುತ್ತ ತಿನ್ನುತ್ತಿತ್ತು.

ಆ ಸುದ್ದಿ ಬಂದ ದಿನ ಮೇಡಂ ಕೋಣೆಯಲ್ಲಿ ಕೂರಲಿಲ್ಲ, ಅತ್ತಿಂದಿತ್ತ ನಡೆದರು. "ಒಂದೇ ತಾಯಿ, ಒಂದೇ ಒಡ್ಡಿ, ಅವೇ ಸೊಳ್ಳೆ. ಒಂದು ಬಿತ್ತು, ಒಂದು ನಿಂತಿತು. ಎರಡರ ಮಿದುಳೂ ಒಟ್ಟಿಗೆ ಸಿಕ್ಕಿದ್ರೆ ಕೂಸೇ…" ಮೂರು ವರ್ಷದಿಂದ ಅವರು ಹುಡುಕುತ್ತಿದ್ದ ಜೋಡಿ ಅದು.

ಮತ್ತೆ ಅವರ ಮನೆಗೆ ಹೋದೆವು. ಬಿದ್ದ ಮರಿಯನ್ನು ಕೊಡಲು ಗೌಡರು ಕೇಳಿದ ಕೂಡಲೇ ಒಪ್ಪಿದರು. ಲಲಿತಕ್ಕ ಬಿಳಿ ಮಚ್ಚೆಯದನ್ನು ಕೊಡಲು ಒಪ್ಪಲಿಲ್ಲ. "ಸಾಯೋದನ್ನ ಬೇಕಾದ್ರೆ ತಗಳ್ಳಿ. ಬದುಕಿರೋದನ್ನ ಯಾಕೆ ಕೊಲ್ಬೇಕು ಡಾಕ್ಟ್ರಮ್ಮ? ಮಾಂಸ ಮುಟ್ಟಲ್ಲ, ಮಿದುಳು ಬೇಕು ಅಂತೀರಿ. ಎಂಥಾ ಜಾತಿ ಮಾರಾಯ್ರೆ ನಿಮ್ದು!" ಎಂದು ಬೈಯುತ್ತಲೇ ಎಲೆಗೆ ಕಡುಬು ಹಾಕಿ, ಮೇಡಂ ಪಾಲಿಗೆ ಬೇರೆಯಾಗಿ ಕಾಯಿಚಟ್ನಿ ಬಡಿಸಿದರು. ಮೇಡಂ ವಾದಿಸಲಿಲ್ಲ, ಕಡುಬು ತಿಂದರು. ಆಮೇಲೆ ಇಬ್ಬರೂ ಜಗಲಿಗೆ ಬಂದು ಕೂತರು.

ಜಗಲಿಯ ಮೂಲೆಯಲ್ಲಿ ಏಳೆಂಟು ವರ್ಷದ ಒಂದು ಹುಡುಗಿ ಗೋಡೆಗೆ ಒರಗಿ ಕೂತಿತ್ತು. ಲಲಿತಕ್ಕನ ತಂಗಿಯ ಮಗಳು. ಹಿಂದಿನ ವರ್ಷ ಮಿದುಳು ಜ್ವರ ಬಂದು ಬದುಕಿತ್ತು, ಆದರೆ ಮಾತು ಹೋಗಿತ್ತು. ಒಂದು ಕಾಲು ಎಳೆಯುತ್ತಿತ್ತು. ಲಲಿತಕ್ಕ ಅದರ ಬಾಯಿ ಒರೆಸುತ್ತ, ಮೇಡಂ ಕಡೆ ನೋಡದೆ ಕೇಳಿದರು:

"ಆ ನಿಂತ ಮರಿ ಎಂತ ಮಾಡಿ ನಿಂತ್ಕಂತು ಅಂತ ಗೊತ್ತಾದ್ರೆ, ಬಿದ್ದ ಮಕ್ಕಳಿಗೆ ಹೇಳ್ಕೊಡ್ಬಹುದಾ?"

ಹೌದು ಎಂದುಬಿಟ್ಟಿದ್ದರೆ ಕೆಲಸವಾಗುತ್ತಿತ್ತು. ಮೇಡಂ ಹೇಳಿದರು: "ನನ್ನ ಕೈಲಿ ಆಗ್ತದೆ ಅಂತ ಹೇಳಿದ್ರೆ ಸುಳ್ಳಾಗ್ತದೆ ಲಲಿತಕ್ಕ. ಈ ಮಗುಗೆ ಖಂಡಿತಾ ಆಗೋದಿಲ್ಲ. ನಾನು ಬರೆದಿಟ್ಟದ್ದನ್ನ ಓದಿ ಮುಂದೆ ಯಾರಾದ್ರೂ ಹೇಳ್ಕೊಡಬಹುದು. ಅಷ್ಟೇ."

ಲಲಿತಕ್ಕ ಎದ್ದು ಒಳಗೆ ಹೋದರು. ಮುಗಿಯಿತು ಎಂದುಕೊಂಡೆ. ಒಳಗಿನಿಂದಲೇ ಅವರ ಧ್ವನಿ ಬಂತು. "ನಾಳೆ ಬೆಳಿಗ್ಗೆ ಬೇಗ ಬನ್ನಿ. ನಾನು ಎದುರಿಗೆ ಇರಲ್ಲ."

ಮರುದಿನ ಬೆಳಕು ಹರಿಯುವಾಗ ಎರಡೂ ಮರಿಗಳಿಗೆ ಮೇಡಂ ಚುಚ್ಚುಮದ್ದು ಕೊಟ್ಟು ನೋವಿಲ್ಲದ ಹಾಗೆ ಮಲಗಿಸಿದರು. ಮೊದಲು ಹಣೆ ಮುಟ್ಟಿದರು. ಆಮೇಲೆ ಅವರ ಕೈಯ ವೇಗಕ್ಕೆ ನಾನು ಎಂದೂ ಸರಿಸಮ ಬರಲಿಲ್ಲ. ಮಿದುಳಿನ ಸಣ್ಣ ಸಣ್ಣ ತುಂಡುಗಳು, ಬೆರಳುದ್ದದ ಟ್ಯೂಬುಗಳು, ಕ್ಯಾನಿನೊಳಗೆ ಇಳಿಸಿದಾಗ ಕಾದ ಬಾಣಲೆಗೆ ನೀರು ಬಿದ್ದಂತೆ ಚುರ್ ಎನ್ನುವ ಸದ್ದು. ಉಳಿದದ್ದನ್ನು ಸುಣ್ಣ ಹಾಕಿ ಆಳವಾಗಿ ಹೂತೆವು. ಕೊಪ್ಪದಲ್ಲಿ ದೊಡ್ಡ ಕ್ಯಾನಿತ್ತು. ಅಲ್ಲಿಗೆ ತಲುಪಿಸಿದರೆ ಕೂಗು ಉಳಿದಂತೆ.

ಇಲ್ಲಿಂದ ಮುಂದಿನದನ್ನು ನಾನು ಎಷ್ಟು ಸಲ ತಲೆಯೊಳಗೆ ಓಡಿಸಿದ್ದೇನೋ. ಪ್ರತಿ ಸಲವೂ ಅದೇ ತಿರುವಿನಲ್ಲಿ ಬಂದು ನಿಲ್ಲುತ್ತದೆ.

ಅಂದು ಕೊಪ್ಪದ ಸಂತೆ. ದಾರಿಯುದ್ದಕ್ಕೂ ಜನ ಕೈ ಎತ್ತುತ್ತಾರೆಂದು ಶೇಖರಣ್ಣನಿಗೆ ಗೊತ್ತಿತ್ತು. ಬೇಗ ತಲುಪಬೇಕೆಂಬುದೂ ಗೊತ್ತಿತ್ತು. ಖಾಲಿ ಕಂಡರೆ ತಾನೇ ಕೈ ಎತ್ತುವುದು? ನಾವು ಕೈ ತೊಳೆದು ಬರುವುದರೊಳಗೆ ಅವನು ಹತ್ತುವ ಕಡೆಯದೊಂದನ್ನು ಬಿಟ್ಟು ಜೀಪಿನ ಪರದೆಗಳನ್ನೆಲ್ಲ ಇಳಿಸಿ ಗುಂಡಿ ಹಾಕಿದ್ದ. ಒಳಗೆ ಯಾರಿದ್ದಾರೆ, ಇಲ್ಲ ಎಂದು ಹೊರಗೆ ಕಾಣಬಾರದು. ನಾನು ಹಿಂದೆ ಹತ್ತಿದೆ, ಅವನು ನನ್ನ ಹಿಂದೆ ಕೊನೆಯ ಪರದೆಯನ್ನೂ ಹಾಕಿದ. ಬೆಳಗಿನ ಚಳಿಗೆ ಹಾಯೆನಿಸಿತು. ಮೇಡಂ ಮುಂದಿನ ಸೀಟಿನಲ್ಲಿ ಕೂತವರೇ ಕಣ್ಣು ಮುಚ್ಚಿದರು. ಹಿಂದಿನ ರಾತ್ರಿ ಅವರಿಗೆ ನಿದ್ದೆಯಿರಲಿಲ್ಲ.

ಒಂದು ಹೊಂಡಕ್ಕೆ ಜೀಪು ಇಳಿದೆದ್ದಾಗ ಕ್ಯಾನಿಗೆ ಕಟ್ಟಿದ್ದ ಹಗ್ಗ ತುಂಡಾಗಿ ಅದು ಮಗ್ಗುಲಾಯಿತು. ಎತ್ತಬೇಕೆಂದು ಬಾಗಿದ್ದು ನೆನಪಿದೆ. ಕಾಲ ಬಳಿ ಬಿಳಿಯ ಹೊಗೆ ಹಾಲು ಉಕ್ಕಿದ ಹಾಗೆ ಹರಡಿತು. ಎಡಪಾದದ ಗಂಟಿಗೆ ಏನೋ ಕಚ್ಚಿತು. ಆಮೇಲೆ ಅದೂ ಗೊತ್ತಾಗಲಿಲ್ಲ. ಉಸಿರು ಕಟ್ಟಲಿಲ್ಲ, ಕೆಮ್ಮು ಬರಲಿಲ್ಲ. ನಾವು ದಿನವೂ ಉಸಿರಾಡುವ ಗಾಳಿಯಲ್ಲಿ ಬಹುಪಾಲು ಇರುವುದು ನೈಟ್ರೋಜನ್ನೇ. ಆಮ್ಲಜನಕವನ್ನು ಅದು ಹೊರಗೆ ದಬ್ಬಿದರೂ ಮೈಗೆ ಅನುಮಾನ ಬರುವುದಿಲ್ಲ. ಇದನ್ನು ಪರೀಕ್ಷೆಯಲ್ಲಿ ಬರೆದು ಅಂಕ ತೆಗೆದವಳು ನಾನು. ಅಲ್ಲಿ ನೆನಪಾಗಲಿಲ್ಲ. ಎಲ್ಲವೂ ಚೆಂದವಾಗಿದೆ, ಸ್ವಲ್ಪ ಒರಗೋಣ ಎನ್ನಿಸಿತು. ಹೆದರಿಕೆ ಆಗಲಿಲ್ಲ. ಆ ಹೊತ್ತಿನಲ್ಲಿ ಹೆದರಿಕೆಯೇ ಆಗಲಿಲ್ಲವಲ್ಲ ಎಂಬುದೇ ಇವತ್ತಿಗೂ ನನ್ನ ಹೆದರಿಕೆ.

ಮುಂದಿನದು ಉಳಿದವರು ಹೇಳಿದ್ದು. ಹೊರಗೂ ಮಂಜು ಕವಿದಿತ್ತು. ಒಳಗಿನ ಹೊಗೆಯನ್ನೂ ಮಂಜೆಂದೇ ತಿಳಿದ ಶೇಖರಣ್ಣ ಲೈಟು ಹಾಕಿದನಂತೆ. ರಸ್ತೆ ಎರಡಾಗಿ ಕಂಡಿತಂತೆ. ಕೆಳಗೆ ಒಂದು ಕಡೆ ಹಳ್ಳ. ಆಗ ತಿರುವಿನಲ್ಲಿ ಒಬ್ಬಳು ಅಜ್ಜಿ, ತಲೆಯ ಮೇಲೆ ಸೌತೆಕಾಯಿಯ ಬುಟ್ಟಿ, ಒಂದು ಕೈ ಎತ್ತಿ ನಿಂತಿದ್ದಳು. ಪರದೆ ಹಾಕಿದ್ದರೂ ಕೈ ಎತ್ತಿದವಳು ಅವಳೊಬ್ಬಳೇ. ಮೇಡಂ ಅರೆಗಣ್ಣಿನಲ್ಲಿ ಅವಳನ್ನು ಕಂಡರು. ಏನಾಗುತ್ತಿದೆಯೆಂದು ಅವರಿಗೂ ಗೊತ್ತಿರಲಿಲ್ಲ. ನಾಲಿಗೆ ಹೊರಳುತ್ತಿರಲಿಲ್ಲ. ಆದರೂ ದಿನಕ್ಕೆ ಹತ್ತು ಸಲ ಹೇಳಿ ರೂಢಿಯಾದ ಮಾತು ತಾನಾಗಿ ಬಂತು. "ಶೇಖರ, ಅಜ್ಜಿ. ನಿಲ್ಸು."

ಅವನ ಕಾಲೂ ರೂಢಿಯಿಂದಲೇ ಬ್ರೇಕಿನ ಮೇಲೆ ಹೋಯಿತು. ಮನಸ್ಸಿನಲ್ಲಿ ಮಾತ್ರ ಬೈದುಕೊಂಡೆ ಎಂದು ಅವನೇ ಹೇಳುತ್ತಾನೆ.

ಅಜ್ಜಿ ಹಿಂದೆ ಬಂದು ಗುಂಡಿಗಳೊಡನೆ ಗುದ್ದಾಡಿದಳು. "ಎಂಥಕ್ಕೆ ಹೀಂಗೆ ಮುಚ್ಕೊಂಡು ಹೊಂಟಿದ್ದೀರಿ ಮಾರಾಯ್ರೆ, ಬಾಣಂತಿ ಕೋಣೆ ಹಂಗೆ!" ಪರದೆ ಎತ್ತಿದಳು. ಬಿಳಿ ಹೊಗೆ ಅವಳ ಸೀರೆಯ ಮೇಲೆ ಸುರಿಯಿತು. "ಸಾಂಬ್ರಾಣಿ ಬೇರೆ ಹಾಕಿದ್ದಾರೆ" ಎಂದುಕೊಂಡಳಂತೆ. ಆಮೇಲೆ ನನ್ನ ಕಾಲು ಕಂಡಿತು. ಬುಟ್ಟಿ ಎಸೆದು, ಎರಡೂ ಕಾಲು ಹಿಡಿದು ನನ್ನನ್ನು ರಸ್ತೆಗೆ ಎಳೆದಳು. ಸೌತೆಕಾಯಿಗಳು ಉರುಳಿಕೊಂಡು ಹಳ್ಳಕ್ಕೆ ಹೋದವು. ಗಾಳಿ ಒಳಹೊಕ್ಕ ಮೇಲೆ ಮುಂದಿನ ಸೀಟಿನ ಇಬ್ಬರಿಗೂ ತಲೆ ತಿಳಿಯಾಗಿ ಇಳಿದು ಬಂದರಂತೆ.

ನನಗೆ ಎಚ್ಚರವಾದಾಗ ತಲೆ ಮೇಡಂ ತೊಡೆಯ ಮೇಲಿತ್ತು. ಅವರ ಕೈಯ ಹಿಂಬದಿ ನನ್ನ ಹಣೆಯ ಮೇಲಿತ್ತು. ಸಾವಿರ ಸಲ ಕಂಡ ಆ ಕೈ ಈಗ ನನ್ನ ಹಣೆಗೇ ಬಂದಿದೆಯೆಂದು ತಿಳಿದು ದಡಬಡಿಸಿ ಏಳಲು ನೋಡಿದೆ.

"ಹೆಸರು ಹೇಳು ಕೂಸೇ. ನಿನ್ನ ಹೆಸರೆಂತ?"

ನಾನು ಬಹಳ ಯೋಚಿಸಿ, "ಎನ್.ಆರ್. ಪುರ" ಎಂದೆ.

"ಊರು ಬಂತು. ಹೆಸರೂ ಬರ್ತದೆ, ನಿಧಾನಕ್ಕೆ ಹುಡುಕು" ಎಂದರು.

ಜೀಪಿನೊಳಗೆ ಕ್ಯಾನು ಮಗ್ಗುಲಾಗಿಯೇ ಬಿದ್ದಿತ್ತು. ಬಾಯಿಂದ ಉಳಿದ ಹೊಗೆ ಎಳೆಯಾಗಿ ಹೋಗುತ್ತಿತ್ತು. ಮೂರು ವರ್ಷದ ಹುಡುಕಾಟ, ಲಲಿತಕ್ಕ ಎದುರು ನಿಲ್ಲದೆ ಕೊಟ್ಟ ಮರಿ, ಎಲ್ಲ ಅದರೊಳಗೆ ಕರಗುತ್ತಿತ್ತು. ಶೇಖರಣ್ಣ ಅಳುತ್ತ ಕ್ಯಾನಿನ ಕಡೆ ಓಡಿದ. ಮೇಡಂ ಆ ಕಡೆ ತಿರುಗಲಿಲ್ಲ. "ಕೂಸಿನ ಹೆಸರು ಬರಲಿ ಮೊದಲು" ಎಂದರು. ಶೇಖರಣ್ಣ ನನ್ನ ಹೆಸರನ್ನು ತಾನೇ ಹೇಳಲು ಬಾಯಿ ತೆರೆದ, ಮೇಡಂ ಕಣ್ಣಲ್ಲೇ ಗದರಿಸಿದರು. ನಾನು ಹೆಸರು ಹೇಳಿದೆ. ಅಪ್ಪನ ಹೆಸರನ್ನೂ ಹೇಳಿಸಿದರು. ಎರಡು ಸಲ ಬೆರಳು ಎಣಿಸಲು ಹೇಳಿದರು. ಆಮೇಲೆ ಎದ್ದು ಹೋಗಿ ಕ್ಯಾನನ್ನು ನೆಟ್ಟಗೆ ನಿಲ್ಲಿಸಿ ಒಳಗೆ ಟಾರ್ಚು ಬಿಟ್ಟರು. ತಳದಲ್ಲಿ ಒಂದಿಷ್ಟು ಉಳಿದಿತ್ತು. ಕೊಪ್ಪದವರೆಗೆ ಸಾಲದು.

ಅಷ್ಟು ಹೊತ್ತೂ ಬೈಯುತ್ತಿದ್ದ ಅಜ್ಜಿಗೆ ಮೇಡಂ ಕೈ ಮುಗಿದು, ಹಂದಿಯ ಮಿದುಳು ಕೆಡದ ಹಾಗೆ ಇಡುವ ತಣ್ಣನೆಯ ವಸ್ತು ಚೆಲ್ಲಿಹೋಯಿತೆಂದು, ದನಕ್ಕೆ ಕಡ್ಡಿ ಇಡುವವರ ಹತ್ತಿರ ಮಾತ್ರ ಅದು ಇರುತ್ತದೆಂದು ವಿವರಿಸಿದರು. ಯಾರಿಗಾದರೂ ಏನನ್ನಾದರೂ ವಿವರಿಸದೆ ಅವರಿಗೆ ಇರಲಾಗುತ್ತಿರಲಿಲ್ಲ.

"ಅದಕ್ಕೆ ಯಾಕೆ ಕೊಪ್ಪಕ್ಕೆ ಹೋಗ್ಬೇಕು?" ಎಂದಳು ಅಜ್ಜಿ. "ಬೆಳಿಗ್ಗೆಯಿಂದ ನಮ್ಮನೆ ಹಟ್ಟೀಲೇ ಕೂತಿದ್ದಾನಲ್ಲ ಆ ಇಂಜೆಕ್ಷನ್ನಿನವ. ದನ ನೆಟ್ಟಗೆ ನಿಲ್ತಿಲ್ಲ ಅಂತ ಚಾ ಕುಡೀತಾ ಇದ್ದಾನೆ."

ಪರದೆಗಳನ್ನು ಕಿತ್ತು ರಸ್ತೆ ಬದಿಗೆ ಹಾಕಿ, ಜೀಪನ್ನು ಗಾಳಿಗೆ ಬಿಟ್ಟು, ಆಮೇಲೆ ಅಜ್ಜಿಯ ಮನೆಗೆ ತಿರುಗಿಸಿದೆವು. ಆತ ನಿಜವಾಗಿಯೂ ಅಲ್ಲಿದ್ದ. ಬೈಕಿನ ಹಿಂದೆ ಸಣ್ಣ ಕ್ಯಾನು. ತನ್ನ ಕಡ್ಡಿಗಳು ಮುಳುಗುವಷ್ಟು ಉಳಿಸಿಕೊಂಡು ಬಾಕಿಯದನ್ನೆಲ್ಲ ನಮ್ಮದಕ್ಕೆ ಸುರಿದ. "ನೋಡಿ ಮೇಡಂ, ಹಂದಿ ಮಿದುಳೂ ಹೋರಿ ಬೀಜವೂ ಒಂದೇ ನೀರು ಕುಡಿದ ಹಾಗಾಯ್ತು. ನಾಳೆ ಈ ಅಜ್ಜಿ ಮನೇಲಿ ಎಂಥಾ ಕರು ಹುಟ್ತದೋ ದೇವ್ರೇ ಬಲ್ಲ" ಎಂದ. ಮೇಡಂ ಅಂದು ಮೊದಲ ಸಲ ನಕ್ಕರು.

ಮುಂದೆ ಈ ಸಂಗತಿ ಎತ್ತಿದಾಗಲೆಲ್ಲ ಶೇಖರಣ್ಣ ತಲೆ ತಗ್ಗಿಸುತ್ತಿದ್ದ. ಮೇಡಂ ಬಿಡುತ್ತಿರಲಿಲ್ಲ. "ಪರದೆ ಹಾಕಿದ್ದು ನೀನು, ನೋಡದೆ ಕೂತದ್ದು ನಾನು. ನೋಡೋದು ನನ್ನ ಕೆಲಸವಾಗಿತ್ತು." ಕಾಲೇಜಿಗೆ ಬರೆದ ವರದಿಯಲ್ಲೂ ಹಾಗೆಯೇ ಬರೆದರೆಂದು ಆಮೇಲೆ ತಿಳಿಯಿತು. ನನ್ನ ಪಾದದ ಗಂಟಿನ ಮೇಲೆ ಬಿಳಿಯ ಕಲೆಯೊಂದು ಉಳಿಯಿತು. ಅಮ್ಮ ಅದಕ್ಕೆ ಎಷ್ಟೋ ದಿನ ಎಣ್ಣೆ ಹಚ್ಚಿದಳು, ಹಚ್ಚುತ್ತ ಹಚ್ಚುತ್ತ ಹಂದಿಯ ಮೇಲಿನ ಸಿಟ್ಟು ಬಿಟ್ಟಳು.

ಆ ಚಳಿಗಾಲದಲ್ಲಿಯೇ ಮೇಡಂ ಕೆಲಸ ಮುಗಿಸಿ ಹೋದರು. ಎರಡು ಮೂರು ವರ್ಷವಾದ ಮೇಲೆ ಒಂದು ದಿನ ಮತ್ತೆ ಬಂದರು, ಲಲಿತಕ್ಕನಿಗೆ ಫಲಿತಾಂಶ ಹೇಳುವುದಕ್ಕೆ. ಪತ್ರಿಕೆಯಲ್ಲಿ ಅಚ್ಚಾಗುವ ಮೊದಲು ಮರಿ ಕೊಟ್ಟವರಿಗೆ ಹೇಳಬೇಕೆಂಬುದು ಅವರ ಹಟ. ನಾನು, ಶೇಖರಣ್ಣ ಜೊತೆಗೆ ಹೋದೆವು. ಅವರ ಮಾತು ಕೇಳಿ ಗೌಡರು ಒಡ್ಡಿಯನ್ನು ಮನೆಯಿಂದ ದೂರ ಕಟ್ಟಿಸಿ ಸೊಳ್ಳೆಪರದೆ ಹಾಕಿಸಿದ್ದರು. ಊರಿನವರು ಹಂದಿಯ ಮದುವೆಮನೆ ಎಂದು ನಗುತ್ತಿದ್ದರಂತೆ.

ಮೇಡಂ ಜಗಲಿಯಲ್ಲಿ ಕೂತು ಹೇಳಿದರು: "ಎರಡೇ ಮರಿ ಲಲಿತಕ್ಕ, ಎರಡರಿಂದ ದೊಡ್ಡ ಮಾತು ಹೇಳ್ಲಿಕ್ಕೆ ಬರೋದಿಲ್ಲ. ಆದ್ರೆ ಬಿದ್ದ ಮರಿಯ ಮಿದುಳಲ್ಲಿ ಕೂಗೋ ಜೀನ್‌ಗಳು ಇನ್ನೂ ಜೋರಾಗಿ ಕೂಗ್ತಾನೇ ಇದ್ದವು. ಆ ಗಲಾಟೇಲಿ ದಿನದ ಕೆಲಸ ಮಾಡೋ ಜೀನ್‌ಗಳು, ಒಂದು ನರದಿಂದ ಇನ್ನೊಂದಕ್ಕೆ ಸುದ್ದಿ ಒಯ್ಯೋವು, ಬಾಯಿ ಮುಚ್ಚಿದ್ವು. ನಿಂತ ಮರೀಲಿ ಕೂಗಿದ ಗುರುತು ಇತ್ತು, ಆದ್ರೆ ಕೂಗು ಇಳೀತಾ ಬಂದಿತ್ತು. ದಿನದ ಕೆಲಸದವು ಕೆಲಸದಲ್ಲಿದ್ವು."

ಲಲಿತಕ್ಕ ಎಲೆಗೆ ಸುಣ್ಣ ಹಚ್ಚುತ್ತ ಯೋಚಿಸಿದರು. "ಅಂದ್ರೆ ಕೂಗ್ದೇ ಇದ್ದದ್ದಕ್ಕೆ ಬದುಕಿದ್ದಲ್ಲ."

"ಅಲ್ಲ, ಅಲ್ಲ. ಕೂಗ್ಲೇಬೇಕು."

"ಕೂಗಿ, ಹುಲಿ ಹೋದ ಮೇಲೆ ಸುಮ್ನಾಗ್ಬೇಕು. ಸುಮ್ನಾಗೋಕೆ ಬರ್ಬೇಕು."

ಮೇಡಂ ಅವರನ್ನೇ ನೋಡಿದರು. "ಹಾಂಗೇ ಇರ್ಬಹುದು ಲಲಿತಕ್ಕ. ಖಾತ್ರಿ ಇಲ್ಲ. ಇನ್ನೊಂದಿಷ್ಟು ಜನ ನೋಡ್ಬೇಕು."

ಆಗ ಹಿತ್ತಲ ಕಡೆಯಿಂದ ಒಂದು ಕೂಗು ಕೇಳಿತು. ತಂಗಿಯ ಮಗಳು, ಈಗ ಎತ್ತರವಾಗಿದ್ದಳು, ಬಕೆಟ್ಟು ಹಿಡಿದು ಕಾಲೆಳೆಯುತ್ತ ಒಡ್ಡಿಯ ಕಡೆ ಹೋಗುತ್ತಿದ್ದಳು. "ಬಾ, ಬಾ, ಬಾ" ಎಂದು ಹಂದಿಗಳನ್ನು ಕರೆಯುತ್ತಿದ್ದಳು. ಮಾತು ಅರ್ಧಂಬರ್ಧ, ಬಾಯಿ ಓರೆ, ಆದರೆ ಹಂದಿಗಳಿಗೆ ತಿಳಿಯುವಷ್ಟು ಸ್ಪಷ್ಟ. "ಒಂದೊಂದೇ ಬರ್ತಾ ಇದೆ" ಎಂದರು ಲಲಿತಕ್ಕ. ಮೇಡಂ ತುರುಬಿನ ಪೆನ್ಸಿಲು ತೆಗೆದು ಮತ್ತೆ ಅಲ್ಲಿಯೇ ಸಿಕ್ಕಿಸಿದರು.

ಶೇಖರಣ್ಣನ ಫೋನು ಬಂದ ಮೇಲೆ, ಹೋದ ವಾರ, ಕಾರು ತೆಗೆದುಕೊಂಡು ಒಬ್ಬಳೇ ಶೃಂಗೇರಿಗೆ ಹೋದೆ. ಮೇಡಂ ತಲೆಯೆಲ್ಲ ಬೆಳ್ಳಗಾಗಿದೆ, ಪೆನ್ಸಿಲು ಹಾಗೆಯೇ ಇದೆ. ತಮ್ಮ ಆ ಕೆಲಸವನ್ನು ಓದಿ ಈಗ ಎಲ್ಲಿಯೋ ಯಾರೋ ಹುಡುಗರು ಮುಂದುವರಿಸುತ್ತಿದ್ದಾರೆಂದು, ತಾವು ತಪ್ಪಾಗಿ ತಿಳಿದಿದ್ದ ಒಂದು ವಿಷಯವನ್ನು ಅವರು ಸರಿಮಾಡಿದ್ದಾರೆಂದು ಹೇಳುವಾಗ ಅವರ ಮುಖ ಅರಳಿತು. ತಪ್ಪು ಸಿಕ್ಕಿದ್ದಕ್ಕೆ ಅಷ್ಟು ಸಂತೋಷಪಟ್ಟವರನ್ನು ನಾನು ಬೇರೆ ಕಂಡಿಲ್ಲ. ಹೊರಡುವಾಗ ಅಂಗಳದವರೆಗೆ ಬಂದರು. ನಾನು ಕಾರಿನಲ್ಲಿ ಕೂತದ್ದೇ ನಾಲ್ಕೂ ಗಾಜು ಇಳಿಸಿದ್ದನ್ನು ನೋಡಿದರು.

"ಇನ್ನೂ?"

"ಇನ್ನೂ ಮೇಡಂ. ಹೋಗೋದೇ ಇಲ್ಲ."

ಅವರು ಬಾಗಿ ಕಿಟಕಿಯೊಳಗೆ ಕೈ ಚಾಚಿ, ಕೈಯ ಹಿಂಬದಿಯನ್ನು ನನ್ನ ಹಣೆಗಿಟ್ಟರು. "ಪೂರ್ತಿ ಹೋಗೋದೂ ಬೇಡ ಕೂಸೇ. ಒಂದು ಬೆರಳು ತೆರೆದಿದ್ರೆ ಸಾಕು."

ಕೊಪ್ಪದ ದಾರಿಯಲ್ಲಿ ಸಂಜೆಯ ಮಂಜು ಇಳಿಯುತ್ತಿತ್ತು. ಒಂದು ತಿರುವಿನಲ್ಲಿ ಮಗುವನ್ನು ಸೊಂಟಕ್ಕೆ ಇಟ್ಟುಕೊಂಡ ಹೆಂಗಸೊಬ್ಬಳು ಕೈ ಎತ್ತಿದಳು. ಕಾಲು ತಾನಾಗಿ ಬ್ರೇಕಿಗೆ ಹೋಯಿತು. ಅವಳು ಹತ್ತಿ ಕೂತು ಮಗುವಿನ ಕಿವಿಗೆ ಸೆರಗು ಸುತ್ತುತ್ತ, "ಥಂಡಿ ಹೊಡೀತದೆ ಅಕ್ಕಾ, ಸ್ವಲ್ಪ ಗಾಜು ಹಾಕ್ತೀರಾ?" ಎಂದಳು.

ಹಾಕಿದೆ. ಮೊದಲು ಹಿಂದಿನವು, ಆಮೇಲೆ ಅವಳ ಕಡೆಯದು, ಕೊನೆಗೆ ನನ್ನದು. ನನ್ನದನ್ನು ಒಂದು ಬೆರಳಿನಷ್ಟು ಬಿಟ್ಟೆ. ಕೊಪ್ಪ ಬರುವವರೆಗೆ ಅವಳು ಮಾತಾಡುತ್ತಲೇ ಇದ್ದಳು, ನಾನು ಕೇಳುತ್ತಲೇ ಇದ್ದೆ. ಮಗು ನಿದ್ದೆ ಹೋಗಿತ್ತು.